ಕೂಸಿನ ತಲೆ ಮುಟ್ಟಿದ ಆಣೆ

ನಂಜನಗೂಡಿನಲ್ಲಿ, ಕಪಿಲೆಗೆ ಹೋಗುವ ಬೀದಿಯಲ್ಲಿ ಒಂದು ಹಳೆಯ ಛತ್ರ. ಶಿಬಿರದ ಮೊದಲ ದಿನ ಬೆಳಿಗ್ಗೆ ಅದರ ಹಜಾರದಲ್ಲಿ ಇದ್ದವರೆಲ್ಲ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತ ಇಪ್ಪತ್ತು ಚಿಲ್ಲರೆ ಗಂಡಸರು. ಎಲ್ಲರೂ ನಂಜನಗೂಡು, ನರಸೀಪುರದ ಆಚೀಚೆಯ ಹಳ್ಳಿಗಳವರು. ಕುಡಿತ ಬಿಡಲು ಬಂದವರು, ಇಲ್ಲವೇ ಹೆಂಡತಿ ಎಳೆದು ತಂದವರು. ಅವರಿಗೆ ಎದುರಾಗಿ, ಆದರೆ ಗಂಡನ ಮುಖಕ್ಕೆ ಮುಖ ಕೊಡದೆ ಒಂದಿಷ್ಟು ಓರೆಯಾಗಿ, ಹೆಂಗಸರು. ಮೈಸೂರಿನಿಂದ ಮೊದಲ ಬಸ್ಸಿಗೆ ಬಂದ ಡಾಕ್ಟರಮ್ಮ. ಸೂಜಿ ಮಾತ್ರೆಗಳ ಟ್ರಂಕಿನ ಪಕ್ಕ ನಮ್ಮ ಸಿಸ್ಟರು. ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ ಅಡಿಗೆಯವರು. ನಡುವೆ ಸ್ಟೂಲಿನ ಮೇಲೆ ಮೇಷ್ಟ್ರು. ಮೂಲೆಯಲ್ಲಿ ನಾನು.

ಮೇಷ್ಟ್ರು ಅಂದರೆ ನಮ್ಮ ಸಂಸ್ಥೆಯನ್ನು ಕಟ್ಟಿದವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ನಾನು ಸೇರಿ ನಾಲ್ಕು ತಿಂಗಳಾಗಿತ್ತು. ನನಗಿದ್ದ ಅರ್ಹತೆ ಒಂದೇ, ಮಾತು. ಅಜ್ಜಿಯ ಮಡಿಲಲ್ಲಿ ಬೆಳೆದವಳು, ಹೆಂಗಸರ ಜಗಲಿಯಲ್ಲಿ ಎಲ್ಲಿ ಕೂರಿಸಿದರೂ ಮಾತು ಹುಟ್ಟಿಸಬಲ್ಲವಳು. ಹೆಂಗಸರ ಗುಂಪು ನನ್ನ ಪಾಲಿಗೆ ಬಂದಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಸಾರಾಯಿ ಪ್ಯಾಕೆಟ್ಟಿನಲ್ಲಿ ಸಿಗುತ್ತಿತ್ತು. ನಮ್ಮ ಸಂಸ್ಥೆ ಹುಟ್ಟಿದ್ದು ಕುಡಿತ ಬಿಡಿಸಲಿಕ್ಕೇನೂ ಅಲ್ಲ. ಕುಡಿಯುವ ನೀರು, ಕಕ್ಕಸು, ಬಸುರಿಯರ ರಕ್ತಹೀನತೆ, ಇವು ಅದರ ಕೆಲಸ. ಮನೆಮನೆಗೆ ಕಬ್ಬಿಣದ ಮಾತ್ರೆ ಹಂಚಲು ಹೋದ ಸಿಸ್ಟರಿಗೆ ಹತ್ತರಲ್ಲಿ ಆರು ಮನೆಯಲ್ಲಿ ಒಂದೇ ಉತ್ತರ ಸಿಕ್ಕಿತಂತೆ: "ಮಾತ್ರೆ ನುಂಗಕೆ ಒಟ್ಟೇಲಿ ಏನಾರ ಇರ್ಬೇಕಲ್ಲ ಕಣಕ್ಕ. ನಮ್ಮನೆಯೋನು ಅದ್ನೂ ಕುಡ್ದ." ಹಾಗೆ ಮಾತ್ರೆಯ ದಾರಿಯಲ್ಲೇ ನಡೆದು ಸಂಸ್ಥೆಯವರು ಕುಡಿತದ ಬಾಗಿಲಿಗೆ ಬಂದಿದ್ದರು. ಆದ್ದರಿಂದಲೋ ಏನೋ, ಅವರ ಬಾಯಲ್ಲಿ ಪಾಪ, ಚಟ, ಕೆಟ್ಟವನು ಎಂಬ ಮಾತುಗಳು ಬರುತ್ತಿರಲಿಲ್ಲ. ಕಾಯಿಲೆ ಅನ್ನುತ್ತಿದ್ದರು, ಅಷ್ಟೆ.

ಆ ದಿನ ಮೇಷ್ಟ್ರು ಹೇಳಿದ ಮೊದಲ ಮಾತೇ ಎಲ್ಲರನ್ನೂ ಗಲಿಬಿಲಿ ಮಾಡಿತು. "ಇಲ್ಲಿ ಯಾರೂ ಆಣೆ ಇಡೋ ಹಾಗಿಲ್ಲ. ದೇವರ ಮೇಲೂ ಇಲ್ಲ, ಹೆತ್ತವರ ಮೇಲೂ ಇಲ್ಲ, ಮಕ್ಕಳ ಮೇಲಂತೂ ಇಲ್ಲವೇ ಇಲ್ಲ."

ಹಿಂದಿನ ಸಾಲಿನಿಂದ ಒಬ್ಬ ಕೇಳಿದ, "ಆಣೆ ಇಲ್ದೆ ಎಂಗ್ ಸಾ ಬುಡೋದು?"

"ನಾಳೆ ಉಣ್ಣೋ ಮುದ್ದೇನ ಇವತ್ತೇ ನುಂಗ್ತೀಯೇನಪ್ಪ?"

"ಇಲ್ಲ."

"ಇವತ್ತಿಂದು ಇವತ್ತಿಗೆ. ಇವತ್ತು ಕುಡೀಬೇಡ. ನಾಳೆ ಮಾತು ನಾಳೆ ಬೆಳಿಗ್ಗೆ ಆಡೋಣ."

ಮೊದಲ ಮೂರು ದಿನ ಯಾರಿಗೂ ಬೇಡ. ಕೈ ನಡುಕ, ಬೆವರು, ವಾಂತಿ, ಗೋಡೆಯ ಮೇಲೆ ಇಲ್ಲದ ಹುಳು ಕಾಣುವುದು. ಸಿಸ್ಟರು ಸೂಜಿ ಕೊಡುತ್ತಾ, ಗಂಜಿ ಮಜ್ಜಿಗೆ ಕುಡಿಸುತ್ತಾ ಕಣ್ಣು ಮುಚ್ಚಲಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಜನಕ್ಕೆ ನಾಲಿಗೆ ರುಚಿ ತಿರುಗಿತು. ಹೆಮ್ಮಿಗೆಯ ಕಡೆಯಿಂದ ಬಂದಿದ್ದ ಒಬ್ಬ ಪಾಯಸದ ಲೋಟ ಮೂಗಿಗೆ ಹಿಡಿದು, "ಭಟ್ರೇ, ಈ ಬೆಲ್ಲಕ್ಕೆ ಸುಣ್ಣ ಎಚ್ಚಾಗೈತೆ, ಯಾವ ಆಲೆಮನೇದು?" ಎಂದ. ಅಡಿಗೆಯವರು, "ನಿನ್ನೆಗಂಟ ಲೋಟ ಹಿಡಿಯಕ್ಕೆ ಆಗ್ತಿರಲಿಲ್ಲ, ಇವತ್ತು ಬೆಲ್ಲಕ್ಕೆ ಹೆಸರಿಡ್ತಾನೆ" ಎಂದು ಗೊಣಗಿದರು. ಮೊದಲ ಸಲ ಹಜಾರ ನಕ್ಕಿತು.

ಅವನು ಆಲೆಮನೆಯಲ್ಲಿ ಪಾಕ ನೋಡುವವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಯಾವ ಗಳಿಗೆಗೆ ಬೆಲ್ಲವಾಗುತ್ತದೆ ಎಂದು ಹೇಳುವ ಕೈ ಅವನದು. ಒಂದು ನಿಮಿಷ ಹಿಂದೆ ಮುಂದೆ ಆದರೆ ಒಂದು ಕೊಪ್ಪರಿಗೆಯ ಪಾಕವೇ ಹಾಳು. ಆ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ಅವನ ಹೆಂಡತಿ ಗಟ್ಟಿ ಹೆಂಗಸು, ಮಾತು ಕಡಿಮೆ. ಇದ್ದವಳು ಒಬ್ಬಳೇ ಮಗಳು, ಆರೇಳು ವರ್ಷದವಳು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕೊನೆಯ ದಿನ ಬೆಳಿಗ್ಗೆ ಎಲ್ಲರೂ ಕಪಿಲೆಗೆ ಸ್ನಾನಕ್ಕೆ ಹೋದೆವು. ಸಮಾರೋಪಕ್ಕೆಂದು ಮಕ್ಕಳೂ ಬಂದಿದ್ದವು. ಮೇಷ್ಟ್ರು ಛತ್ರದಲ್ಲೇ ಉಳಿದಿದ್ದರು. ಪಾಕದವನ ಹೆಂಡತಿ ಒದ್ದೆ ಸೀರೆಯಲ್ಲಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಅಕ್ಕ, ಇಲ್ಲಿಗಂಟ ಬಂದಿವಿ. ನಂಜುಂಡಪ್ಪ ಎದುರ್ಗೇ ಅವ್ನೆ. ಒಂದಾಣೆ ಇಕ್ಕಿಸ್ಬುಡ್ಲಾ?"

ಬೇಡ ಅನ್ನಬೇಕಿತ್ತು. ಆದರೆ ನನ್ನ ಅಜ್ಜಿ, "ದನಕ್ಕೆ ಬೇಲಿ, ಮನುಷ್ಯನಿಗೆ ಆಣೆ" ಎನ್ನುತ್ತಿದ್ದವಳು. ಮೇಷ್ಟ್ರ ಪಾಠ ನಾಲ್ಕು ತಿಂಗಳದು, ಅಜ್ಜಿಯ ಪಾಠ ಇಪ್ಪತ್ತು ವರ್ಷದ್ದು. "ಬೇಗ ಇಕ್ಕಿಸು" ಎಂದೆ. ಅಷ್ಟೇ ಅಲ್ಲ, ಎತ್ತರ ಸಾಲದ ಕೂಸನ್ನು ಮೇಲಿನ ಮೆಟ್ಟಿಲಿಗೆ ಎತ್ತಿ ನಿಲ್ಲಿಸಿದವಳೂ ನಾನೇ. ಅವನು ನಂಜುಂಡಪ್ಪನ ಗೋಪುರದ ಕಡೆ ತಿರುಗಿ, ಮಗಳ ಒದ್ದೆ ತಲೆಯ ಮೇಲೆ ಕೈ ಇಟ್ಟು, "ಇನ್ ಮುಟ್ಟಿದ್ರೆ ಈ ಕೂಸಿನ ಮೇಲಾಣೆ" ಎಂದ. ಅವನ ಕಣ್ಣಲ್ಲಿ ನೀರು ಬಂತು. ಬೇಲಿ ಬಿಗಿಯಾಯಿತು ಅಂದುಕೊಂಡೆ.

ಶಿಬಿರ ಮುಗಿದ ಮೇಲೆ ನರಸೀಪುರದಲ್ಲಿ ವಾರಕ್ಕೊಂದು ಸಭೆ. ಅದನ್ನು ಮೇಷ್ಟ್ರು ಬೇಕೆಂದೇ ಸಂತೆಯ ದಿನ ಇಟ್ಟಿದ್ದರು. ಸಂತೆಯ ದಿನ ಊರಿಗೆ ಬಂದವನನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲವಲ್ಲ. ಕೈಯಲ್ಲಿ ಈರುಳ್ಳಿ ಚೀಲ ಹಿಡಿದು ಬರುವರು, ಒಂದು ಗಂಟೆ ಕೂತು ಕಷ್ಟ ಸುಖ ಆಡಿ ಹೋಗುವರು. ಪಾಕದವನು ಐದಾರು ವಾರ ತಪ್ಪದೆ ಬಂದ. ಬಂದಾಗೆಲ್ಲ ಎರಡೂ ಕೈ ಮುಂದೆ ಚಾಚಿ ತೋರಿಸುವನು. ನಡುಕವಿಲ್ಲ.

ಆಮೇಲಿನ ವಾರ ಅವನ ಹೆಂಡತಿ ಒಬ್ಬಳೇ ಬಂದಳು.

ನಡೆದದ್ದು ಇಷ್ಟು. ಅವನು ಕೆಲಸ ಮಾಡುವ ಆಲೆಮನೆಯಲ್ಲಿ ಆ ಹಂಗಾಮಿನ ಮೊದಲ ಒಲೆ ಹೊತ್ತಿಸುವ ದಿನ ಕೋಳಿ ಕೊಯ್ದು, ಒಲೆಯ ಬಾಯಿಗೆ ಸಾರಾಯಿ ಎರೆದು, ಉಳಿದದ್ದನ್ನು ಮೊದಲು ಪಾಕದವನಿಗೆ ಕೊಡುವ ಪದ್ಧತಿ. ಅದು ಪ್ರಸಾದ; ಬೇಡ ಅಂದರೆ ಒಲೆ ಮುನಿಯುತ್ತದೆ ಎಂಬ ನಂಬಿಕೆ. ಕುಡಿದ. ಎರಡು ದಿನ ಕಳೆದು ಮಗಳಿಗೆ ಜ್ವರ ಬಂತು. ಜ್ವರ ಏರಿದ ಹಾಗೆ ಅವನು ಇನ್ನಷ್ಟು ಕುಡಿದ. ಮೂರನೆಯ ದಿನ ಮನೆ ಬಿಟ್ಟು ಹೋದ.

"ನಾನ್ ಎದುರ್ಗಿದ್ರೆ ಕೂಸು ಉಳಿಯಕ್ಕಿಲ್ಲ ಅಂದ್ಬುಟ್ಟು ಓದ ಕಣಕ್ಕ," ಎಂದಳು. "ಒಳೆ ಕಡೀಕೆ ಓದ್ನೋ ಏನೋ."

ನಾನು ಮೇಷ್ಟ್ರ ಎದುರು ನಿಂತು, ಸ್ನಾನಘಟ್ಟದಲ್ಲಿ ನಡೆದದ್ದನ್ನು ಹೇಳಿದೆ. ಮೆಟ್ಟಿಲಿಗೆ ಎತ್ತಿ ನಿಲ್ಲಿಸಿದ್ದನ್ನೂ ಬಿಡಲಿಲ್ಲ. ಕೆಲಸ ಹೋಯಿತು ಎಂದೇ ನಂಬಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಕೂಸು ಎಲ್ಲಿದೆ?"

ಮೊದಲು ಕೂಸು. ಅದು ಆ ಸಂಸ್ಥೆಯ ರೀತಿ. ಸಿಸ್ಟರು ಆಗಲೇ ಅವಳ ಜೊತೆ ಊರಿಗೆ ಹೊರಟರು, ಹುಡುಗಿಯನ್ನು ನರಸೀಪುರದ ಆಸ್ಪತ್ರೆಗೆ ಸೇರಿಸಿದರು. ಟೈಫಾಯಿಡ್ ಅಂದರು ಡಾಕ್ಟರು. ಅಲ್ಲಿಗೆ ನಿಂತಿದ್ದರೆ ಬರಿ ನರ್ಸು. ನಮ್ಮ ಸಿಸ್ಟರು ಮತ್ತೆ ಆ ಬೀದಿಗೆ ಹೋಗಿ ಮನೆಮನೆಯ ಬಾಗಿಲು ತಟ್ಟಿದರು. ಇನ್ನೂ ಮೂರು ಮನೆಯಲ್ಲಿ ಅದೇ ಜ್ವರ. ನಾಲ್ಕೂ ಮನೆಗೆ ಒಂದೇ ನಲ್ಲಿ. ಆ ನಲ್ಲಿಯ ಪೈಪು ಚರಂಡಿಯೊಳಗೇ ಹಾದುಹೋಗುತ್ತಿತ್ತು.

ಮಾರನೆಯ ದಿನ ನಾನೂ ಮೇಷ್ಟ್ರೂ ಅವನನ್ನು ಹುಡುಕಿ ಹೊರಟೆವು. ತಾಂಡವಪುರದ ಹತ್ತಿರ ಅವನ ಅಕ್ಕನ ಮನೆ ಇದೆ, ಹೋದರೆ ಅಲ್ಲಿಗೇ ಎಂದಿದ್ದಳು ಹೆಂಡತಿ. ಬಸ್ಸಿನಲ್ಲಿ ಹೊಳೆ ಕಂಡಲ್ಲೆಲ್ಲ ಕಿಟಕಿಯಿಂದ ಬಗ್ಗಿ ದಡ ಹುಡುಕುತ್ತಿದ್ದೆ. ಮೇಷ್ಟ್ರು ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಹಾಕಿ, "ತಿನ್ನು, ಹಸಿದವರು ಯಾರಿಗೂ ಬುದ್ಧಿ ಹೇಳಬಾರದು" ಎಂದರು.

ಅವನು ಅಲ್ಲೇ ಇದ್ದ. ಅಕ್ಕನ ಹೊಲದ ಗುಡಿಸಲಲ್ಲಿ, ಮೂರು ದಿನದ ಗಡ್ಡ, ಮತ್ತೆ ನಡುಗುವ ಕೈ. ನಮ್ಮನ್ನು ಕಂಡವನೇ ಗೋಡೆಗೆ ತಿರುಗಿದ.

"ಓಗಿ ಸಾ. ನಾನ್ ಬರಾಕಿಲ್ಲ. ಕೂಸಿನ್ ತಲೆ ಮೇಲೆ ಕೈಯಿಕ್ಕಿ ಕುಡ್ದಿವ್ನಿ."

"ಕೂಸು ಆಸ್ಪತ್ರೆಯಲ್ಲಿ ಚೆನ್ನಾಗಿದೆ. ಜ್ವರ ಇಳೀತಾ ಇದೆ."

"ನಾನ್ ದೂರ ಬಂದ್ನಲ್ಲ, ಅದ್ಕೇ ಇಳೀತೈತೆ."

ಮೇಷ್ಟ್ರು ನೆಲದ ಮೇಲೆ ಕೂತರು. "ನಿಮ್ಮ ಬೀದೀಲಿ ಇನ್ನೂ ಮೂರು ಮನೇಲಿ ಇದೇ ಜ್ವರ. ಮೂಲೆಮನೆ ಅಂಗನವಾಡಿ ಟೀಚರಮ್ಮನ ಮಗನಿಗೂ ಬಂದಿದೆ. ಅವರ ಮನೇಲಿ ಯಾರಪ್ಪ ಆಣೆ ಮುರಿದೋರು?"

ಅವನು, "ನನ್ ಪಾಪ ಬೀದೀಗೆಲ್ಲ ತಗುಲ್ಬುಡ್ತು ಸಾ" ಎಂದು ಅಳಲು ಶುರುಮಾಡಿದ.

ನಮ್ಮ ಬಾಣ ನಮಗೇ ತಿರುಗಿತ್ತು. ನಾನು ಮೇಷ್ಟ್ರ ಮುಖ ನೋಡಿದೆ. ಅವರಿಗೆ ಸಿಟ್ಟು ಬರಲಿಲ್ಲ. ಎದ್ದು ಪಂಚೆ ಕೊಡವಿಕೊಂಡು, "ಹಾಗಾದ್ರೆ ಬಾ," ಎಂದರು. "ನಿನ್ನ ಪಾಪ ಎಲ್ಲಿ ಸೋರ್ತಾ ಇದೆ ತೋರಿಸ್ತೀನಿ. ನೋಡಿದ ಮೇಲೂ ನಿಂದೇ ಅನ್ನಿಸಿದರೆ ವಾಪಸ್ ನಾನೇ ತಂದು ಬಿಡ್ತೀನಿ."

ಏನನ್ನಿಸಿತೋ, ಬಂದ. ಬಸ್ಸಿನ ಕೊನೆಯ ಸೀಟಿನಲ್ಲಿ ತಲೆಗೆ ಟವೆಲು ಮುಚ್ಚಿಕೊಂಡು ಕೂತ.

ಅವನ ಬೀದಿಯಲ್ಲಿ ಸಿಸ್ಟರು ನಲ್ಲಿಗೆ ನೀರು ಬಿಡುವ ನೀರುಗಂಟಿಯನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. ಚರಂಡಿಯ ಕೆಸರನ್ನು ಸಲಿಕೆಯಲ್ಲಿ ಬಳಿದು ಹಾಕಿದಾಗ ಪೈಪಿನ ಸೇರುವೆ ಕಾಣಿಸಿತು. ಅದಕ್ಕೆ ಸೈಕಲ್ ಟ್ಯೂಬು ಸುತ್ತಿ ಹಗ್ಗ ಬಿಗಿದಿದ್ದರು. ಟ್ಯೂಬು ಹರಿದು ಬಾಯಿ ಬಿಟ್ಟಿತ್ತು. ನೀರು ಬಿಟ್ಟಾಗ ಹೊರಗೆ ಚಿಮ್ಮುವುದು, ನಿಲ್ಲಿಸಿದಾಗ ಚರಂಡಿಯ ನೀರನ್ನು ಒಳಗೆ ಎಳೆದುಕೊಳ್ಳುವುದು. ಮೇಷ್ಟ್ರು ಹೈಸ್ಕೂಲು ಹುಡುಗರಿಗೆ ಹೇಳುವ ಹಾಗೆ ಅದನ್ನು ಎರಡು ಸಲ ಮಾಡಿಸಿ ತೋರಿಸಿದರು.

ಪಾಕದವನು ಕುಕ್ಕರಗಾಲಲ್ಲಿ ಕೂತ. ಬೆರಳಲ್ಲಿ ಹರಿದ ಟ್ಯೂಬನ್ನು ಎತ್ತಿ ನೋಡಿದ. ಮೂಸಿದ. ಆಮೇಲೆ ನೀರುಗಂಟಿಯ ಕಡೆ ಕತ್ತೆತ್ತಿದ.

"ಯಾವನ್ಲಾ ಇದ ಕಟ್ಟಿದ್ದು?"

"ನಾನೇ ಕಣಣ್ಣ. ಓದ್ ವರ್ಸ."

"ದನದ್ ಕಾಲ್ಗೂ ಇಂಗ್ ಕಟ್ಟಕಿಲ್ಲ ಕಣ್ಲಾ."

ಗುಡಿಸಲಲ್ಲಿ ಸಿಕ್ಕಾಗಿನಿಂದ ಅವನು ಸಿಟ್ಟಿನಿಂದ ಆಡಿದ ಮೊದಲ ಮಾತು ಅದು. ನನಗೆ ಅದು ಕೇಳಿ ಸಮಾಧಾನವಾಯಿತು. ತನ್ನನ್ನು ಬಿಟ್ಟು ಬೇರೊಬ್ಬರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಜೀವ ಬಂದಿತ್ತು.

ಅಲ್ಲಿಂದ ಆಸ್ಪತ್ರೆಗೆ. ವಾರ್ಡಿನ ಬಾಗಿಲವರೆಗೆ ಬಂದವನು ಒಳಗೆ ಕಾಲಿಡಲೊಲ್ಲ. "ಪೈಪಿನ್ ಮಾತು ಸರಿ ಸಾ. ಆಣೆ ಆಣೆಯೇ ಅಲ್ವಾ," ಎಂದ. ಅದಕ್ಕೆ ಉತ್ತರ ಕೊಟ್ಟವಳು ಹೆಂಡತಿ. ಅವಳು ಹೊರಗೆ ಬಂದಳು, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಇಕ್ಕಿಸ್ದೋಳು ಯಾರು?"

"ನೀನು."

"ನಾನ್ ಇಕ್ಕಿಸಿದ್ನ ನಾನ್ ಎತ್ತಕಾಗಕಿಲ್ವಾ? ನಂಜುಂಡಪ್ಪ ಏನ್ ಬಾಂಡ್ ಪೇಪರ್ ಬರ್ಸ್ಕಂಡಿದ್ನಾ?"

ಚೊಂಬಿನಲ್ಲಿ ನೀರು ತಂದಳು. ಮಲಗಿದ್ದ ಕೂಸಿನ ನೆತ್ತಿಯನ್ನು ಒದ್ದೆ ಕೈಯಲ್ಲಿ ಮೂರು ಸಲ ಸವರಿ, "ನನ್ ಮಾತು ನಂಗೇ ಇರ್ಲಿ, ಕೂಸ್ಗೆ ಬ್ಯಾಡ" ಎಂದು, ಉಳಿದ ನೀರನ್ನು ಹೊರಗಿನ ಬೇವಿನ ಬುಡಕ್ಕೆ ಚೆಲ್ಲಿ ಬಂದಳು. ಇಂಥ ಪದ್ಧತಿ ಎಲ್ಲಾದರೂ ಇದೆಯೋ, ಅವಳು ಆ ಕ್ಷಣಕ್ಕೆ ಕಟ್ಟಿದಳೋ, ನಾನು ಕೇಳಲಿಲ್ಲ. ಮೇಷ್ಟ್ರು, ಜೀವಮಾನವೆಲ್ಲ ವಿಜ್ಞಾನ ಹೇಳಿದವರು, ಚಪ್ಪಲಿ ಬಿಟ್ಟು ನಿಂತಿದ್ದರು. ಅವನು ಒಳಗೆ ಹೋಗಿ ಮಂಚದ ಕಾಲ ಹತ್ತಿರ ಕೂತ.

ಆ ಸಂಸ್ಥೆಯ ಜನರ ಬಗ್ಗೆ ನನಗಿರುವ ಗೌರವ ಅವರು ಎಷ್ಟು ಜನರ ಕುಡಿತ ಬಿಡಿಸಿದರು ಎಂಬುದರಿಂದ ಹುಟ್ಟಿದ್ದಲ್ಲ. ಬಿಟ್ಟವರೂ ಇದ್ದರು, ಬಿಡದವರೂ ಇದ್ದರು, ಹೋಗಿಬಿಟ್ಟವರೂ ಇದ್ದರು. ಒಂದು ಜ್ವರದ ಹಿಂದೆ ಹೋದರೆ ಬೀದಿಯ ಪೈಪನ್ನು ಕಂಡು ಬರುತ್ತಿದ್ದರು. ಒಬ್ಬ ಕುಡಿದನೆಂದರೆ ಅವನಿಗೆ ಲೋಟ ಕೊಟ್ಟ ಪದ್ಧತಿಯನ್ನು ವಿಚಾರಿಸುತ್ತಿದ್ದರು. ಅದೇ ತಿಂಗಳು ಮೇಷ್ಟ್ರು ಆ ಆಲೆಮನೆಯ ಯಜಮಾನರ ಜಗಲಿಯಲ್ಲಿ ಎರಡು ಸಂಜೆ ಕೂತು, ಒಲೆಗೆ ಎರೆದದ್ದು ಒಲೆಗೇ ಇರಲಿ, ಪಾಕದವನಿಗೆ ಮೊದಲ ಬೆಲ್ಲ ಕೊಡಿ ಎಂದು ಒಪ್ಪಿಸಿದರು. ನನಗೂ ಶಿಕ್ಷೆ ಇಲ್ಲದೆ ಹೋಗಲಿಲ್ಲ. ಮುಂದಿನ ಶಿಬಿರದಿಂದ, ಮೊದಲ ದಿನ ಹೆಂಗಸರ ಮುಂದೆ ಈ ಕಥೆ ಹೇಳುವ ಕೆಲಸ ನನ್ನದಾಯಿತು, ನನ್ನ ಪಾಲಿನದನ್ನು ಒಂದಕ್ಷರವೂ ಬಿಡದ ಹಾಗೆ. ಎಷ್ಟೋ ವರ್ಷ ಹೇಳಿದೆ.

ಹುಡುಗಿ ಗುಣವಾಗಿ ಶಾಲೆಗೆ ಹೋದಳು. ಆ ಬೇಸಿಗೆಯಲ್ಲಿ, ನೆಂಟರ ಮದುವೆಯೊಂದರಲ್ಲಿ, ಅವಳ ಅಪ್ಪ ಮತ್ತೆ ಕುಡಿದ. ಮುಂದಿನ ಸಂತೆಯ ದಿನ, ಎಲ್ಲರಿಗಿಂತ ಮೊದಲು ಸಭೆಗೆ ಬಂದು ಚಾಪೆಯ ಮೇಲೆ ಕೂತಿದ್ದ. ಮೇಷ್ಟ್ರು ಬಂದ ಕೂಡಲೇ, "ಭಾನುವಾರ ಕುಡ್ದೆ ಸಾ," ಎಂದ. "ಸೋಮವಾರದಿಂದ ಇಲ್ಲ."