ದವಡೆ ಮುರಿದ ಬೇಸಿಗೆಯ ಕಸ್ಟರ್ಡು

ನನ್ನ ದವಡೆ ಮುರಿದದ್ದು ಗಂಗಾವತಿಯ ಕುಸ್ತಿ ಕಣದಲ್ಲಿ. ಆಗ ನನಗೆ ಇಪ್ಪತ್ಮೂರು ವರ್ಷ. ಎರಡನೇ ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ಎದುರಾಳಿಯ ಕಾಲಿಗೆ ಕೈ ಹಾಕಲು ನಾನು ಬಗ್ಗಿದೆ, ಅದೇ ಹೊತ್ತಿಗೆ ಅವನು ಮೊಣಕಾಲು ಎತ್ತಿದ. ಯಾರ ತಪ್ಪೂ ಅಲ್ಲ. ಮುಂದಿನ ಎರಡು ಹಲ್ಲು ಮಣ್ಣಿಗೆ ಬಿದ್ದವು, ಎಡಗಡೆಯ ದವಡೆ ಸೀಳಿತು.

ಕೊಪ್ಪಳದ ದವಾಖಾನೆಯ ಡಾಕ್ಟರು ಗದ್ದದಿಂದ ನೆತ್ತಿಯವರೆಗೆ ಬಿಗಿಯಾಗಿ ಪಟ್ಟಿ ಕಟ್ಟಿದರು. "ಆರು ವಾರ ಏನೂ ಅಗಿಯಂಗಿಲ್ಲ. ಆದ್ರ ಹೊಟ್ಟಿ ಮಾತ್ರ ಖಾಲಿ ಇಡಬ್ಯಾಡ್ರಿ, ಎಲುಬು ಕೂಡಬೇಕಂದ್ರ ಒಳಗ ಏನರ ಹೋಗಬೇಕು" ಎಂದರು.

ಹೋಗುವುದು ಎಲ್ಲಿಂದ? ಹಲ್ಲು ಬಿದ್ದ ಸಂದಿಯಿಂದ ಅವ್ವ ಗಂಜಿ ಹನಿಸುತ್ತಿದ್ದಳು. ಬೆಚ್ಚಗಿನ ಗಂಜಿ ಸೋಕಿದರೆ ಕಿವಿಯವರೆಗೆ ನೋವು ಹೊಡೆಯುತ್ತಿತ್ತು. ನಾಲ್ಕು ಗುಟುಕಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಮೂರು ವಾರವಾದ ಮೇಲೆ ಹತ್ತಿ ಅಡತಿ ಅಂಗಡಿಗೆ ಹೋಗಿ ದೊಡ್ಡ ತಕ್ಕಡಿಯಲ್ಲಿ ಕೂತೆ. ನಮ್ಮಲ್ಲಿ ಮಣಕ್ಕೆ ನಲವತ್ತು ಸೇರು; ಎರಡು ಮಣದ ಮೇಲೆ ಐದು ಸೇರು ತೂಗುತ್ತಿದ್ದವನು ಹತ್ತು ಸೇರು ಇಳಿದಿದ್ದೆ. ತೂಗಿದವನು ಮತ್ತೊಮ್ಮೆ ಕಲ್ಲು ಎಣಿಸಿದ. ನನಗೇನೂ ಅನುಮಾನವಿರಲಿಲ್ಲ. ಧೋತರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ನಮ್ಮ ಓಣಿಯ ಎದುರಿಗೆ ಸರ್ಕಾರಿ ಸಾಹೇಬರೊಬ್ಬರ ಬಂಗಲೆ. ಅಲ್ಲಿಯ ಬಬರ್ಚಿ, ಎಂದರೆ ಅಡುಗೆಯವನು, ಕುಸ್ತಿಯ ಹುಚ್ಚಿನ ಮನುಷ್ಯ. ಸುತ್ತಮುತ್ತ ಎಲ್ಲಿ ಕುಸ್ತಿಯಿದ್ದರೂ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ತಕ್ಕಡಿಯಿಂದ ಇಳಿದು ಮನೆಗೆ ಬರುತ್ತಿದ್ದ ನನ್ನನ್ನು ಕಂಡು ಬಾಯಿಗೆ ಕೈ ಹಚ್ಚಿ ನಿಂತ.

"ಪೈಲ್ವಾನ್ರ, ಇದೇನ್ರಿ ಹಾಲು! ಬರ್ರಿ ಒಳಗ. ಸಾಹೇಬ್ರ ಬರ್ಫ ಉಳದೈತಿ, ನಾ ಕೇಳ್ಕೋತೀನಿ."

"ಹಾಲು" ಎಂದರೆ ಅವನ ಭಾಷೆಯಲ್ಲಿ ಅವಸ್ಥೆ. ಬೇಸಿಗೆಯಲ್ಲಿ ಸಾಹೇಬರಿಗೆ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರ್ಫ, ಅಂದರೆ ಮಂಜುಗಡ್ಡೆ, ಬರುತ್ತಿತ್ತು, ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿ ಸುತ್ತಿ. ಅಂದು ಅವನು ಬಟ್ಟಲಲ್ಲಿ ಹಳದಿ ಬಣ್ಣದ, ಬೆಣ್ಣೆಯಂಥ ತಣ್ಣನೆಯ ವಸ್ತು ಕೊಟ್ಟ; ಸಾಹೇಬರ ಮನೆಯಲ್ಲಿ ಅದಕ್ಕೆ ಕಸ್ಟರ್ಡು ಎನ್ನುತ್ತಿದ್ದರು. ಚಮಚದ ತುದಿಯಿಂದ ಸಂದಿಗೆ ಇಟ್ಟರೆ ತಾನೇ ಕರಗಿ ಇಳಿಯಿತು. ದವಡೆ ಮರಗಟ್ಟಿತು, ನೋವು ಸತ್ತಿತು. ಬಟ್ಟಲು ಪೂರಾ ಬರಿದಾಯಿತು. ಮೂರು ವಾರದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬಿ, ಅವನ ಅಡುಗೆಮನೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

"ಏನೈತಿ ಇದರಾಗ?" ಎಂದು ಪಟ್ಟಿಯೊಳಗಿಂದಲೇ ಕೇಳಿದೆ.

ಅವನು ಮುಚ್ಚಿಡಲಿಲ್ಲ. "ಎರಡು ಸೇರು ಎಮ್ಮಿ ಹಾಲು ಒಂದು ಸೇರಿಗೆ ಬತ್ತಿಸೀನಿ. ಎಂಟು ತತ್ತಿ, ಹಳದಿ ಅಷ್ಟ. ಸಕ್ರಿ, ಒಂದು ಮುಷ್ಟಿ ಬಾದಾಮಿ ಅರದದ್ದು. ತಿನ್ನೂದು ಬಿಡೂದು ನಿಮಗ ಬಿಟ್ಟದ್ದು."

ನಮ್ಮ ಮನೆಯಲ್ಲಿ ತತ್ತಿ ಹೊಸಿಲು ದಾಟಿದ್ದಿಲ್ಲ. ಆದರೆ ನಾನು ಒಂದು ಗಳಿಗೆಯೂ ತಡಮಾಡಲಿಲ್ಲ. ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದೆ.

ಮರುದಿನದಿಂದ ಕಸ್ಟರ್ಡನ್ನು ಹೆಪ್ಪುಗಟ್ಟಿಸುವ ಯಂತ್ರ ತಿರುವುವ ಕೆಲಸ ನನ್ನದಾಯಿತು. ಮರದ ಬಕೆಟ್ಟು, ಅದರೊಳಗೆ ತಗಡಿನ ಡಬ್ಬಿ, ಸುತ್ತ ಉಪ್ಪು ಬೆರೆಸಿದ ಬರ್ಫದ ಚೂರು, ಮೇಲೊಂದು ಹಿಡಿಕೆ. ತಾಲೀಮು ಬಿಟ್ಟು ಬೇಸತ್ತಿದ್ದ ತೋಳಿಗೆ ಅದೇ ತಾಲೀಮು. ಬಿರಬಿರನೆ ತಿರುವಿದಷ್ಟೂ ಡಬ್ಬಿಯೊಳಗಿನದು ಉಬ್ಬುತ್ತದೆಂದು ಕಂಡುಕೊಂಡು, ಒಂದು ದಿನ ಬೆವರಿಳಿಯುವಂತೆ ತಿರುವಿ ಡಬ್ಬಿ ತುಂಬಿಸಿದೆ. ಬಬರ್ಚಿ ಮುಚ್ಚಳ ತೆಗೆದು ನಕ್ಕ.

"ಗಾಳಿ ತುಂಬೀರಿ. ಗಾಳಿ ತಿಂದು ಕುಸ್ತಿ ಹಿಡೀತೀರೇನ್ರಿ? ಡಬ್ಬಿ ನೋಡಬ್ಯಾಡ್ರಿ, ಹಾಕಿದ್ದು ನೋಡ್ರಿ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮರುದಿನದಿಂದ ನಿಧಾನಕ್ಕೆ ತಿರುವಿ, ಮೇಲೆ ಎರಡು ಚಮಚ ತುಪ್ಪ ಕೇಳತೊಡಗಿದೆ.

ತಾಲೀಮಿನ ವಸ್ತಾದರಿಗೆ ಸುದ್ದಿ ಮುಟ್ಟಿತು. ನನಗೆ ಹನ್ನೆರಡು ವರ್ಷದಿಂದ ಪಟ್ಟು ಕಲಿಸಿದವರು ಅವರು. ಬಾಗಿಲಲ್ಲೇ ನಿಂತು ಬೈದರು. "ತಂಪು ತಿಂದ್ರ ಕೀಲು ಹಿಡೀತಾವಲೇ. ಎಲುಬಿನ ಸಂಗಡ ಆಟ ಆಡಬ್ಯಾಡ."

"ಇನ್ನೊಂದು ತಿಂಗಳು ಬಿಟ್ಟು ನನ್ನ ತೂಗ್ರಿ, ಆಮ್ಯಾಲೆ ಬೈರಿ" ಎಂದೆ. ಹಿಂದೆಂದೂ ಅವರಿಗೆ ಎದುರಾಡಿದವನಲ್ಲ. ಅವರು ಹೆಗಲ ವಸ್ತ್ರ ಕೊಡವಿ ಹೊರಟರು.

ಅವ್ವನಿಗೆ ಮಾತ್ರ ನಾನು ಹೇಳಿರಲಿಲ್ಲ. ಅದೊಂದು ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಅವಳೇ ಬಂಗಲೆಯ ಹಿತ್ತಲಿಗೆ ಬಂದಳು. ನಾನು ಹಿಡಿಕೆ ತಿರುವುತ್ತಾ ಕೂತಿದ್ದೆ. ಪಕ್ಕದಲ್ಲಿ ತತ್ತಿಯ ಓಡುಗಳು ಬಿದ್ದಿದ್ದವು. ಅವುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಎಷ್ಟು ಹಾಕ್ತಿ?" ಎಂದು ಬಬರ್ಚಿಯನ್ನು ಕೇಳಿದಳು.

"ಎಂಟು, ಅಮ್ಮಾ" ಎಂದ ಅವನು ಎದ್ದು ನಿಂತು.

ಅವಳು ತಿರುಗಿ ಹೋದಳು. ಆ ಸಂಜೆ ಗಂಜಿಯ ಬಟ್ಟಲನ್ನು ನನ್ನ ಮುಂದಿಟ್ಟು ಹಿತ್ತಲಿಗೆ ನಡೆದಳು. ಬೆಳಿಗ್ಗೆ ನೋಡಿದರೆ ನಮ್ಮ ಎಮ್ಮೆಯ ಹಾಲನ್ನು ಕೆನೆಗಟ್ಟುವಂತೆ ಕಾಸಿ, ಬತ್ತಿಸಿ, ತಾನೇ ಚರಿಗೆಯಲ್ಲಿ ಹೊತ್ತು ಬಂಗಲೆಗೆ ನಡೆದಳು.

"ನಿನ್ನ ತತ್ತಿ ನೀ ಹಾಕು. ಹಾಲು ನಂದ ಇರ್ಲಿ. ಪ್ಯಾಟಿ ಹಾಲಿನಾಗ ನೀರು ಇರತೈತಿ" ಎಂದಳು ಬಬರ್ಚಿಗೆ. ನನ್ನ ಕಡೆ ನೋಡಲಿಲ್ಲ. ನಾನು ಹಿಡಿಕೆಯ ಮೇಲೆ ತಲೆ ಬಗ್ಗಿಸಿ ಅತ್ತೆ. ಅಳಲು ದವಡೆ ಬೇಕಾಗುವುದಿಲ್ಲ.

ಜೂನಿನಲ್ಲಿ ಮಳೆ ಬಿತ್ತು. ಸಾಹೇಬರು ಬರ್ಫ ತರಿಸುವುದನ್ನು ನಿಲ್ಲಿಸಿದರು. ನನಗೆ ದಿಗಿಲಾಯಿತು, ಮೈಗೆ ಹತ್ತಿದ್ದೆಲ್ಲ ಇನ್ನು ಇಳಿಯುತ್ತದೆಂದು. ಬಬರ್ಚಿ ಅದೇ ಹಾಲು, ಅದೇ ತತ್ತಿ, ಅದೇ ಬಾದಾಮಿಯನ್ನು ಒಲೆಯಿಂದ ಇಳಿಸಿ, ಉಗುರು ಬೆಚ್ಚಗೆ ಮಾಡಿ ಬಟ್ಟಲಿಗೆ ಹೊಯ್ದ.

"ಬರ್ಫದಾಗ ತಾಕತ್ತು ಎಂದೂ ಇದ್ದಿಲ್ರಿ. ಅದು ಬರೇ ನೀರು. ನಿಮ್ಮ ನೋವಿಗೆ ಔಷಧ ಆಗಿತ್ತು, ಅಷ್ಟ. ಈಗ ನೋವೈತೇನು?"

ಇರಲಿಲ್ಲ. ಕುಡಿದೆ. ರುಚಿ ಅರ್ಧಕ್ಕರ್ಧ ಕಡಿಮೆ, ಆದರೆ ಹೊಟ್ಟೆ ಅಷ್ಟೇ ತುಂಬಿತು. ತಕ್ಕಡಿಗೆ ವಸ್ತಾದರನ್ನೂ ಕರೆದುಕೊಂಡು ಹೋದೆ. ಎರಡು ಮಣ ತುಂಬಿ ಮೇಲೆ ಮೂರು ಸೇರು. ವಸ್ತಾದರು ನನ್ನ ತೋಳು, ತೊಡೆ, ಬೆನ್ನು ಹಿಚುಕಿ ನೋಡಿದರು. "ಹಸಿ ಮೈ ಅಲ್ಲ" ಎಂದರು, ಬರೀ ಕೊಬ್ಬಲ್ಲ ಎಂಬ ಅರ್ಥದಲ್ಲಿ. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಮರುವರ್ಷ ಸಾಹೇಬರಿಗೆ ವರ್ಗವಾಯಿತು, ಬಬರ್ಚಿಯೂ ಅವರ ಸಂಗಡ ಹೊರಟ. ಹೋಗುವ ಮುಂಚೆ ಅವ್ವನಿಗೆ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿಸಿ, ಹಾಲು ಒಡೆಯದಂತೆ ಹಳದಿಯನ್ನು ಬೆರೆಸುವುದು ಕಲಿಸಿದ. ಅದಕ್ಕೇ ಬೇರೆ ಪಾತ್ರೆ, ಬೇರೆ ಸೌಟು. ಮೊದಲ ಸಲ ತತ್ತಿ ಒಡೆದಾಗ ಅವ್ವ ಮುಖ ಆಚೆ ತಿರುಗಿಸಿದ್ದಳು. ಎರಡನೇ ವಾರಕ್ಕೆ, "ಇದು ಹಳೇದು, ತೇಲಾಕತ್ತೈತಿ, ಬ್ಯಾರೆ ತಾ" ಎಂದು ನನಗೇ ಜೋರು ಮಾಡಿದಳು.

ಆ ಚಳಿಗಾಲದಲ್ಲಿ ಕುಷ್ಟಗಿಯ ಕಣಕ್ಕಿಳಿದೆ. ದವಡೆ ಸ್ವಲ್ಪ ಸೊಟ್ಟಗೆ ಕೂಡಿತ್ತು, ಒಣಗಿಸಿದ ಗಟ್ಟಿ ಕಟಿರೊಟ್ಟಿಯನ್ನು ಬಲಗಡೆ ಮಾತ್ರ ಅಗಿಯಬಲ್ಲವನಾಗಿದ್ದೆ. ಎದುರಾಳಿ ನನಗಿಂತ ಎತ್ತರ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಅವನ ಬೆನ್ನನ್ನು ಮಣ್ಣಿಗೆ ಹಚ್ಚಿದೆ.