ಬ್ಯಾಂಕಿನ ಗೋಡೆಗೆ ಒಂದು ಮೊಳೆ

ಶಾವಿಗೆ ಯಂತ್ರ ಕೊಳ್ಳಲು ಚಿಕ್ಕೋಡಿಯ ನಮ್ಮ ಮನೆಯನ್ನು ಬ್ಯಾಂಕಿಗೆ ಅಡವಿಟ್ಟ ದಿನದಿಂದ ಅವ್ವ ಅದರಲ್ಲಿ ಬಾಡಿಗೆಯವಳಂತೆ ಇರತೊಡಗಿದಳು. ಬಾಗಿಲನ್ನು ಕೂಡ ಮೆಲ್ಲಗೆ ಹಾಕುತ್ತಿದ್ದಳು. ನಾನು ಯಂತ್ರದ ಹೆಸರಿನ ಬೋರ್ಡು ಬರೆಸಿ ತಂದಾಗ ಮೊಳೆ ಹೊಡೆಯಲು ಬಿಡಲಿಲ್ಲ.

"ಗ್ವಾಡಿ ಅವರದೈತಿ. ತೂತ ಬಿದ್ರ ನಾಳೆ ಯಾರ್ ಜವಾಬು ಕೊಡಾವ್ರು?"

ಬೋರ್ಡು ಮಂಚದ ಕೆಳಗೆ ಸೇರಿತು. ಬೇಸಿಗೆ ಬಂತು, ಶಾವಿಗೆಗೆ ಇರುವ ಹಂಗಾಮು ಅದೊಂದೇ. ಕರೋಶಿಯಿಂದ ರವೆಯ ಡಬ್ಬಿ ಹೊತ್ತು ಬಂದ ಹೆಂಗಸರು ನಮ್ಮ ಮನೆಯ ಗುರುತು ಸಿಗದೆ ಹಿಂದಿನ ಓಣಿಯ ಯಂತ್ರಕ್ಕೆ ಹೋದರು. ನಮ್ಮ ಯಂತ್ರದ ಮೇಲೆ ಅವ್ವ ಸೀರೆ ಒಣಹಾಕಿದಳು.

ಒಂದು ಮಧ್ಯಾಹ್ನ ಬ್ಯಾಂಕಿನ ಸಾಹೇಬರು ತಪಾಸಣೆಗೆ ಬಂದರು. ಮನೆ ಹುಡುಕುತ್ತಾ ಓಣಿಯೆಲ್ಲ ಸುತ್ತಿ ಬೆವತಿದ್ದರು.

"ಒಂದ್ ಬೋರ್ಡರೆ ಹಾಕಬಾರದೇನ್ರಿ?"

ಅವ್ವ ಒಳಗಿನಿಂದ ಬೋರ್ಡು, ಮೊಳೆ, ಸುತ್ತಿಗೆ ತಂದು ಅವರ ಮುಂದಿಟ್ಟಳು. "ಗ್ವಾಡಿ ನಿಮ್ದ. ನೀವ ಹೊಡೀರಿ, ಸಾಹೇಬ್ರ."

"ಮನಿ ನಿಮ್ದ ಐತ್ರಿ, ಅವ್ವಾರ" ಎಂದು ಅವರು ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ಕೊನೆಗೆ ಸಾಹೇಬರೇ ಸ್ಟೂಲು ಹತ್ತಿದರು. ಮೊದಲ ಏಟಿಗೇ ಗೋಡೆಯ ಅಂಗೈಯಗಲದ ಗಿಲಾವು ಕಳಚಿ ಅವರ ಬೂಟಿನ ಮೇಲೆ ಬಿತ್ತು.

ಅವ್ವ ನನ್ನತ್ತ ತಿರುಗಿ ನೆಮ್ಮದಿಯಿಂದ ಹೇಳಿದಳು: "ನೋಡಿದ್ಯಲ್ಲ? ಕೆಡವಿದವರು ಅವರ."

ಇನ್ನೆರಡು ಏಟಿಗೆ ಬೋರ್ಡು ನಿಂತಿತು. ಆ ವಾರವೇ ರವೆಯ ಡಬ್ಬಿಗಳು ನಮ್ಮ ಬಾಗಿಲಿಗೆ ಬರತೊಡಗಿದವು. ಬೋರ್ಡು ಇಂದಿಗೂ ಎಡಕ್ಕೆ ವಾಲಿಕೊಂಡಿದೆ. ನೇರ ಮಾಡಲು ಅವ್ವ ಬಿಡುವುದಿಲ್ಲ. ಅದು ಸಾಹೇಬರೇ ಹೊಡೆದ ಮೊಳೆ.