ಕಬ್ಬಿಣವನ್ನೂ ನಂಬದ ಅತ್ತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವರ್ಕ್‌ಶಾಪಿನ ಶಟರ್ ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿದೆ. ಒಳಗೆ ತೊಲೆಗೆ ಕಟ್ಟಿದ ಹಗ್ಗದಲ್ಲಿ ತೋಳುದ್ದದ ಉಕ್ಕಿನ ಸರಳೊಂದು ನೇತಾಡುತ್ತಿದೆ. ಜೀಪಿನ ಹಿಂಚಕ್ರಕ್ಕೆ ಬಲ ಮುಟ್ಟಿಸುವ ಆಕ್ಸೆಲ್ ಶಾಫ್ಟ್ ಅದು. ಹೊಚ್ಚಹೊಸದು, ಸುತ್ತಿದ್ದ ಎಣ್ಣೆಕಾಗದ ಈಗಷ್ಟೇ ಬಿಚ್ಚಿದ್ದು. ಸ್ಟೂಲಿನ ಮೇಲೆ ಕೂತ ಹೆಂಗಸು ಪುಟ್ಟ ಸುತ್ತಿಗೆಯಿಂದ ಅದಕ್ಕೊಂದು ಪೆಟ್ಟು ಕೊಟ್ಟು ಕಿವಿಯೊಡ್ಡುತ್ತಾರೆ. ಠಣ್ ಎಂಬ ದನಿ ಗೋಡೆಗೆ ಬಡಿದು ನಿಧಾನವಾಗಿ ಕರಗುತ್ತದೆ. ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಗಂಡ ‘ಹೂಂ’ ಎನ್ನುತ್ತಾರೆ.

‘ನಿದ್ದೆಗಣ್ಣಲ್ಲಿ ಹೂಂ ಅಂದ್ರಾ, ಕೇಳಿಸ್ಕೊಂಡು ಹೂಂ ಅಂದ್ರಾ?’

‘ಕೇಳಿಸ್ತು ಕಣೇ. ಬಿರುಕಿಲ್ಲ.’

‘ಇರಿ, ಇನ್ನೊಂದ್ಸಲ ಹೊಡೀತೀನಿ.’

ಇವರನ್ನು ಇಡೀ ಬೀದಿ ಅತ್ತಿಗೆ ಎಂದೇ ಕರೆಯುತ್ತದೆ. ಪಕ್ಕದ ಶೆಡ್ಡಿನಲ್ಲಿ ಎಂಜಿನ್ ಕೆಲಸ ಮಾಡುವ ಮೈದುನ ಹಾಗೆ ಕರೆಯುತ್ತಾನೆ. ಅದು ಗಿರಾಕಿಗಳ ಬಾಯಿಗೂ ಹತ್ತಿದೆ. ತಲೆ ಪೂರ್ತಿ ನರೆತ ಲಾರಿ ಡ್ರೈವರುಗಳಿಗೂ ಇವರು ಅತ್ತಿಗೆಯೇ. ಗುಡ್ಡಗಾಡಿನಲ್ಲಿ ಓಡುವ ಹಳೇ ಜೀಪುಗಳಿಗೆ ಮೈದುನ ಹೆಚ್ಚು ಬಲದ ಎಂಜಿನ್ ಕೂರಿಸುತ್ತಾನೆ. ಆ ಬಲ ಚಕ್ರ ಮುಟ್ಟುವವರೆಗಿನ ದಾರಿಯೆಲ್ಲ ಅತ್ತಿಗೆಯದು. ಕ್ಲಚ್ ಬದಲಾಯಿಸಬೇಕು, ಗೇರ್‌ಬಾಕ್ಸ್ ಬಿಚ್ಚಿ ಗಟ್ಟಿ ಮಾಡಬೇಕು, ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ದಪ್ಪನೆಯದು ಹಾಕಬೇಕು, ಅದರ ಜಾಯಿಂಟು, ಹಿಂದಿನ ಆಕ್ಸೆಲ್ ಎಲ್ಲವನ್ನೂ ಹೊಸ ಬಲಕ್ಕೆ ಹೊಂದಿಸಬೇಕು. ‘ಕೊಬ್ಬಿದ ಎತ್ತಿಗೆ ಗೆದ್ದಲು ಹಿಡಿದ ನೊಗ ಕಟ್ಟಿದ್ರೆ ಏನಾಗುತ್ತೆ? ಎತ್ತು ಮುಂದಕ್ಕೆ ಹೋಗುತ್ತೆ, ಗಾಡಿ ಅಲ್ಲೇ ಇರುತ್ತೆ,’ ಎನ್ನುತ್ತಾರೆ ಅವರು.

ಕೆಲಸ ಮೊದಲು ಗಂಡನದಾಗಿತ್ತು. ಒಮ್ಮೆ ಜಾಕ್ ಜಾರಿ, ಆಕ್ಸೆಲ್ಲಿನ ಭಾರದ ಉಕ್ಕಿನ ಕವಚ ಅವರ ಬಲಗೈ ಮೇಲೆ ಬಿತ್ತು. ಬೆರಳುಗಳು ಉಳಿದವು, ಹಿಡಿತ ಉಳಿಯಲಿಲ್ಲ. ಒಪ್ಪಿಕೊಂಡಿದ್ದ ಗಾಡಿಗಳನ್ನು ವಾಪಸು ಕಳಿಸುವುದು ಹೇಗೆಂದು ಹೆಂಡತಿ ಸೀರೆ ಮೇಲೆ ಗಂಡನ ಅಂಗಿ ತೊಟ್ಟು ಜೀಪಿನ ಕೆಳಗೆ ತೂರಿದರು. ಅವರು ಹೇಳುವುದು, ಇವರು ಬಿಗಿಯುವುದು. ಶುರುವಿನಲ್ಲಿ ದಿನಾ ಜಗಳ. ‘ಎಡಕ್ಕೆ ಅಂದ್ರೆ ಯಾರ ಎಡಕ್ಕೆ ಅಂತ ಕೇಳ್ತಿದ್ಲು. ಇವಳು ಮಲಗಿರೋದು ಅಂಗಾತ, ನಾನು ಕೂತಿರೋದು ಎದುರಿಗೆ. ಒಂದು ನಟ್ಟಿಗೆ ಒಂದು ಮಹಾಯುದ್ಧ,’ ಎಂದು ಗಂಡ ನಗುತ್ತಾರೆ. ಈಗ ಅಂಗಿಯ ಜಾಗಕ್ಕೆ ನೀಲಿ ಕೋಟು ಬಂದಿದೆ. ವಾರಕ್ಕೆ ಒಂದು ಗಾಡಿ ಮುಗಿದರೆ ಹೆಚ್ಚು. ಮುಗಿದದ್ದನ್ನೂ ಅತ್ತಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಿಗಿದ ಬೋಲ್ಟನ್ನು ಮತ್ತೆ ಮುಟ್ಟುತ್ತಾರೆ, ಅಂಗಡಿಯವನು ಆಣೆ ಹಾಕಿ ಕೊಟ್ಟ ಬೇರಿಂಗನ್ನು ಬೆಳಕಿಗೆ ಹಿಡಿಯುತ್ತಾರೆ, ‘ನಾನು ಮೆಲ್ಲಗೆ ಓಡಿಸೋನು’ ಎಂದ ಗಿರಾಕಿಯ ಟೈರನ್ನು ಬಗ್ಗಿ ನೋಡುತ್ತಾರೆ. ‘ಬೆಳ್ಳಗಿರೋದೆಲ್ಲ ಹಾಲಲ್ಲ’ ಎಂಬುದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತದೆ.

ಈ ಅನುಮಾನವೇ ಕಳೆದ ವರ್ಷ ಮನೆಯನ್ನು ಎರಡು ಹೋಳು ಮಾಡುವುದರಲ್ಲಿತ್ತು.

ಗುಡ್ಡದ ಮೇಲಿನ ಮನೆಗಳಿಗೆ ಔಷಧಿ ಒಯ್ಯುವ ನರ್ಸಮ್ಮನ ಜೀಪು ಅದು. ಹಳೇ ಎಂಜಿನ್ ಏರು ಹತ್ತಲಾರದೆ ಏದುಸಿರು ಬಿಡುತ್ತಿತ್ತು. ಮೈದುನ ಹೊಸ ಎಂಜಿನ್ ಕೂರಿಸಿದ, ಅತ್ತಿಗೆ ಕ್ಲಚ್ಚಿನಿಂದ ಚಕ್ರದವರೆಗೆ ಎಲ್ಲ ಹೊಂದಿಸಿಕೊಟ್ಟರು. ಮಳೆಗಾಲದ ಒಂದು ಮಧ್ಯಾಹ್ನ ಕಡಿದಾದ ಏರಿನಲ್ಲಿ ಹಿಂದಿನ ಬಲಗಡೆಯ ಶಾಫ್ಟು ಕಡಿದುಹೋಯಿತು. ಮುಂಚಕ್ರಗಳು ಕೆಸರಿನಲ್ಲಿ ಜಾರಿ, ಜೀಪು ಹಿಂದಕ್ಕೆ ಉರುಳತೊಡಗಿತು. ಡ್ರೈವರ್ ಹೇಗೋ ಅದನ್ನು ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದ. ಇನ್ನೊಂದು ಮಗ್ಗುಲಲ್ಲಿ ಪ್ರಪಾತವಿತ್ತು. ನರ್ಸಮ್ಮನ ಮಣಿಕಟ್ಟು ಮುರಿಯಿತು.

ಸುದ್ದಿ ಜೀಪಿಗಿಂತ ಮೊದಲೇ ಬೀದಿಗೆ ಬಂತು. ಹೆಂಗಸಿನ ಕೈಗೆ ಸ್ಪ್ಯಾನರ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ಯಾರೋ ಅಂದದ್ದು ಅತ್ತಿಗೆಯ ಕಿವಿಗೂ ಬಿತ್ತು. ಜೀಪು ಬಂದದ್ದೇ ಅವರು ಅದರ ಕೆಳಗೆ ತೂರಿದರು. ಮುರಿದ ಶಾಫ್ಟನ್ನು ಒರೆಸಿ ನೋಡಿದರು. ತುದಿಯಲ್ಲಿ ನೆಟ್ಟಗೆ ಸಾಲಾಗಿರಬೇಕಾದ ಹಲ್ಲುಗಳು ಹಗ್ಗದ ಹುರಿಯಂತೆ ತಿರುಚಿದ್ದವು. ಉಕ್ಕು ಸವೆದು ಮುರಿದದ್ದಲ್ಲ. ತಡೆಯಲಾರದ ಬಲ ಬಿದ್ದಿದೆ. ಎಲ್ಲಿಂದ ಬಂತು ಅಷ್ಟು ಬಲ? ಹಿಂದೊಮ್ಮೆ ಗಿರಾಕಿಯೊಬ್ಬನ ಹಟಕ್ಕೆ ಮಣಿದು, ತನಗೆ ಹೇಳದೆ ಎಂಜಿನ್ನಿನ ಬಲ ಏರಿಸಿದ್ದ ಮೈದುನನ ಹಳೇ ಬುದ್ಧಿ ಅತ್ತಿಗೆಗೆ ನೆನಪಾಯಿತು. ನೆಟ್ಟಗೆ ಪಕ್ಕದ ಶೆಡ್ಡಿಗೆ ಹೋದರು.

‘ಎಷ್ಟು ಏರಿಸ್ದೆ? ನಿಜ ಹೇಳು.’

‘ಏನೂ ಮುಟ್ಟಿಲ್ಲ ಅತ್ತಿಗೆ. ನಿಮ್ಮಾಣೆ.’

‘ನನ್ನಾಣೆ ಯಾಕೆ ಹಾಕ್ತೀಯ, ಸಾಯೋಳು ನಾನಾಗ್ಲಿ ಅಂತಾನಾ?’

‘ಹಾಗಿದ್ರೆ ನಿಮ್ಮ ಶಾಫ್ಟೇ ಕಳಪೆ ಇರ್ಬೇಕು. ನನ್ನ ತಲೆಗೆ ಯಾಕೆ ಕಟ್ತೀರಿ?’

ಅಲ್ಲಿಗೆ ಮಾತು ನಿಂತಿತು. ಎರಡು ಶೆಡ್ಡುಗಳ ನಡುವಿನ ಬಾಗಿಲು ಮುಚ್ಚಿತು. ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಿದ್ದ ಮೈದುನ ತಟ್ಟೆ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂರತೊಡಗಿದ. ಅಣ್ಣ ನಡುವೆ ಸಿಕ್ಕಿ ಅಡಕತ್ತರಿಯ ಅಡಕೆಯಾದರು. ಮೈದುನ ತನ್ನ ಎಂಜಿನ್ ಬಿಚ್ಚಿ ತೋರಿಸಿದರೂ ಅತ್ತಿಗೆ ನಂಬಲಿಲ್ಲ. ತೋರಿಸುವ ಮುಂಚೆ ಸರಿಮಾಡಿಟ್ಟಿರಬಾರದೇಕೆ?

ಗಂಟು ಬಿಡಿಸಿದ್ದು ಒದ್ದೆ ಬೆಡ್‌ಶೀಟು. ಗಂಡನ ಬಲಗೈಗೆ ಬಲವಿಲ್ಲವಾಗಿ ದೊಡ್ಡ ಬಟ್ಟೆ ಹಿಂಡುವಾಗ ಅವರು ಒಂದು ತುದಿ ಎಡಗೈಗೆ ಸುತ್ತಿ ಹಿಡಿಯುತ್ತಾರೆ, ಇವರು ಇನ್ನೊಂದು ತುದಿ ತಿರುಚುತ್ತಾರೆ. ಆ ದಿನ ಅತ್ತಿಗೆ ಯಾವುದೋ ಯೋಚನೆಯಲ್ಲಿ ಉಲ್ಟಾ ತಿರುಚಿದರು. ಬಟ್ಟೆಯ ನೆರಿಗೆಗಳು ಎಂದಿನಂತೆ ಬಲಕ್ಕೆ ಓರೆಯಾಗದೆ ಎಡಕ್ಕೆ ಓರೆಯಾದವು. ಅವರು ಬೆಡ್‌ಶೀಟನ್ನು ಗಂಡನ ಕೈಯಲ್ಲೇ ಬಿಟ್ಟು ಓಡಿದರು.

ಮುರಿದ ಶಾಫ್ಟನ್ನು ಜೀಪಿನ ಪಕ್ಕದಲ್ಲಿ, ಒಳಗೆ ಕೂರುವ ಹಾಗೆಯೇ ಹಿಡಿದು ನೋಡಿದರು. ಗಾಡಿ ಮುಂದಕ್ಕೆ ಹೋಗುವಾಗ ಹಲ್ಲುಗಳು ಒಂದು ಕಡೆಗೆ ತಿರುಚಬೇಕು, ರಿವರ್ಸಿನಲ್ಲಿ ಇನ್ನೊಂದು ಕಡೆಗೆ. ಇವು ತಿರುಚಿದ್ದು ರಿವರ್ಸಿನ ಕಡೆಗೆ! ಜೀಪು ಹಿಂದಕ್ಕೆ ಉರುಳುವ ಹೊತ್ತಿಗೆ ಶಾಫ್ಟು ಕಡಿದಾಗಿತ್ತು, ಹಾಗಾಗಿ ಇದು ಆಗಿನ ತಿರುಚಲ್ಲ. ಏರು ಹತ್ತುವಾಗ ಕಡಿದುಹೋಯಿತೆಂಬುದು ನಿಜವೇ ಇರಬಹುದು. ಆದರೆ ಅದರ ಪ್ರಾಣ ಅದಕ್ಕೂ ಮೊದಲು, ಹಿಂದಕ್ಕೆ ಏನನ್ನೋ ಜಗ್ಗುವಾಗಲೇ ಹೋಗಿತ್ತು. ಅತ್ತಿಗೆ ಜೀಪಿನ ಮುಂದೆ ಬಂದು ಬಗ್ಗಿದರು. ಬಂಪರಿನ ಕೊಕ್ಕೆಯಲ್ಲಿ ಬಣ್ಣ ಕಿತ್ತು, ಸರಪಳಿ ಉಜ್ಜಿದ ಗೀರುಗಳು ಹಸಿಯಾಗಿದ್ದವು.

ಡ್ರೈವರನನ್ನು ಕರೆಸಿದರು. ಕೇಳಿದ್ದು ಇಷ್ಟೇ: ‘ಗುಡ್ಡಕ್ಕೆ ಹೋಗೋ ಹಿಂದಿನ ದಿನ ಗಾಡಿ ಎಲ್ಲಿತ್ತಪ್ಪಾ?’

‘ನಾನು ಯಾವ ಟ್ರ್ಯಾಕ್ಟರನ್ನೂ ಎಳ್ದಿಲ್ಲ ಅತ್ತಿಗೆ!’

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ. ತಾನು ಅಂದದ್ದೇನೆಂದು ಅರಿವಾಗುತ್ತಲೇ ಅವನು ಅಳುತ್ತಾ ಎಲ್ಲವನ್ನೂ ಹೇಳಿದ. ಭಾವನ ಟ್ರ್ಯಾಕ್ಟರ್ ಕೆರೆಯಂಗಳದಲ್ಲಿ ಹೂತಿತ್ತು. ಸರಪಳಿ ಕಟ್ಟಿ, ಲೋ ಗೇರಿನಲ್ಲಿ ಹಿಂದಕ್ಕೆ ಜಗ್ಗಿ ಜಗ್ಗಿ ಎಳೆದಿದ್ದ. ಹೊಸ ಎಂಜಿನ್ ತಾನೇ, ಏನೂ ಆಗಲ್ಲ ಅಂದುಕೊಂಡಿದ್ದ. ಹೇಳಿದರೆ ಕೆಲಸ ಹೋಗುತ್ತದೆಂದು ಬಾಯಿ ಹೊಲಿದುಕೊಂಡಿದ್ದ.

‘ನನ್ನ ಹತ್ರ ಅತ್ತು ಏನುಪಯೋಗ? ಕೈ ಮುರ್ಕೊಂಡು ಮಲಗಿರೋದು ಅವರು. ಅವರಿಗೆ ನೀನೇ ಹೇಳು,’ ಎಂದರು ಅತ್ತಿಗೆ. ಅವನು ಹೇಳಿಯಾನೆಂಬ ನಂಬಿಕೆ ಅವರಿಗಿರಲಿಲ್ಲ. ಹಾಗಾಗಿ ಜೊತೆಗೇ ಹೋಗಿ ನರ್ಸಮ್ಮನ ಮನೆ ಬಾಗಿಲಲ್ಲಿ, ಅವನು ಪೂರ್ತಿ ಹೇಳಿ ಮುಗಿಸುವವರೆಗೆ ನಿಂತಿದ್ದರು. ನರ್ಸಮ್ಮ, ‘ದಿಬ್ಬಕ್ಕೆ ಗುದ್ದಿ ನಿಲ್ಲಿಸಿದವನೂ ಇವನೇ,’ ಎಂದು ಕೆಲಸದಲ್ಲಿ ಉಳಿಸಿಕೊಂಡರು. ಗಾಡಿಯ ಕೀಲಿ ಮಾತ್ರ ಅಂದಿನಿಂದ ರಾತ್ರಿ ಅವರ ದಿಂಬಿನ ಕೆಳಗಿರುತ್ತದೆ.

ಆ ಸಂಜೆ ಅತ್ತಿಗೆ ಎರಡು ಶೆಡ್ಡುಗಳ ನಡುವಿನ ಬಾಗಿಲು ತಳ್ಳಿದರು. ಮೈದುನ ಎಂಜಿನ್ನೊಂದರ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದ.

‘ತಪ್ಪು ನಂದು. ನಿನ್ನ ಮೇಲೆ ಅನುಮಾನ ಪಡಬಾರದಿತ್ತು.’

‘ನಾನೂ ಪಟ್ಟೆ ಅತ್ತಿಗೆ. ಕಡಿಮೆ ಬೆಲೆಗೆ ಸಿಕ್ತು ಅಂತ ನೀವು ಹಳೇ ಶಾಫ್ಟು ಹಾಕಿದ್ರೇನೋ ಅಂತ ಅಂಗಡಿಗೆ ಹೋಗಿ ವಿಚಾರಿಸ್ಕೊಂಡು ಬಂದೆ.’

‘ಹೌದಾ!’ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟರು. ‘ಊಟಕ್ಕೆ ಒಳಗೆ ಬಾ. ಮೆಟ್ಟಿಲ ಮೇಲೆ ಕೂತು ಅನ್ನ ಚೆಲ್ತೀಯ, ಇರುವೆ ಕಾಟ.’

ಬೀದಿಯ ಬಾಯಿ ಮುಚ್ಚಿತೇ ಎಂದರೆ ಅತ್ತಿಗೆ ಭುಜ ಕುಣಿಸುತ್ತಾರೆ. ಅವತ್ತು ಆಡಿಕೊಂಡವರಲ್ಲೊಬ್ಬ ಇವತ್ತು ತನ್ನ ಗಾಡಿ ತಂದು ನಿಲ್ಲಿಸಿದ್ದಾನೆ. ಹಗ್ಗದಲ್ಲಿ ನೇತಾಡುತ್ತಿರುವ ಶಾಫ್ಟು ಅವನದೇ. ಹೊರಗೆ ಬಿಸಿಲು ಬಂದಿದೆ. ಅತ್ತಿಗೆ ಶಾಫ್ಟನ್ನು ಇಳಿಸಿ ಒರೆಸುತ್ತಾರೆ, ಹಲ್ಲುಗಳ ಮೇಲೆ ಬೆರಳಾಡಿಸುತ್ತಾರೆ.

ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಮೊದಲು, ‘ಯಾಕೆ ಕೇಳ್ತಿದ್ದೀರಿ?’ ಎಂದು ಹುಬ್ಬು ಗಂಟಿಕ್ಕುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ: ‘ಇಷ್ಟು ಗಾಡೀನ ಗುಡ್ಡ ಹತ್ತಿಸಿದೀನಿ. ನಾನು ನೋಡಿದ್ದೆಲ್ಲ ಅವುಗಳ ಹೊಟ್ಟೆ ಮಾತ್ರ. ಒಂದ್ಸಲ ಮೇಲೆ ಹೋಗ್ಬೇಕು, ಅಲ್ಲಿಂದ ಏನು ಕಾಣುತ್ತೋ ನೋಡ್ಬೇಕು.’

ಅದಕ್ಕೇನಂತೆ, ನರ್ಸಮ್ಮನ ಡ್ರೈವರ್ ಸಂತೋಷದಿಂದ ಕರೆದೊಯ್ಯುತ್ತಾನಲ್ಲ ಎಂದರೆ ಅತ್ತಿಗೆ ಶಾಫ್ಟನ್ನು ಬೆಂಚಿನ ಮೇಲಿಟ್ಟು ನಗುತ್ತಾರೆ.

‘ಬೇಡಪ್ಪ. ನಾನೇ ಓಡಿಸ್ಕೊಂಡು ಹೋಗ್ತೀನಿ. ಇನ್ನೊಬ್ಬರ ಕಾಲನ್ನ ನನ್ನ ಕ್ಲಚ್ಚಿನ ಮೇಲೆ ನಂಬೋಕಾಗಲ್ಲ.’